ಏಕನಾಥನ ನಂಬರು

ಹದಿನಾಲ್ಕನೆಯ ದಿನ ಬೆಳಿಗ್ಗೆ ಹಾಲು ಅರ್ಧ ಲೀಟರ್ ಕಡಿಮೆ ಬಂತು. ವೈಕುಂಠ ಸಮಾರಾಧನೆಯ ಊಟ ಮುಗಿದ ಸಂಜೆಯೇ ಅತ್ತೆ ಗೋದಾಬಾಯಿ ಹಾಲಿನವನಿಗೆ ಹೇಳಿಟ್ಟಿದ್ದರು. ಲೆಕ್ಕ ಸರಿಯಾಗಿತ್ತು. ನನ್ನ ಗಂಡ ಋಷಿಕೇಶ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುತ್ತಿದ್ದ.

ನೆಂಟರು ಹೋಗಿದ್ದರು. ಬಾಡಿಗೆ ಪಾತ್ರೆಗಳೂ ಹೋಗಿದ್ದವು. ಪುಣೆಯ ಸದಾಶಿವ ಪೇಠದ ವಾಡೆಯ ಎರಡನೆಯ ಮಾಳಿಗೆಯಲ್ಲಿ ನಾವು ಮೂವರು ಉಳಿದಿದ್ದೆವು. ಅತ್ತೆ, ಮದುವೆಯಾಗದ ಭಾವ ಮಧುಕರ, ನಾನು. ಕೆಳಗಿನ ಟೈಪಿಂಗ್ ಕ್ಲಾಸಿಗೆ ಬರುವ ಹುಡುಗಿಯರು ಸೈಕಲ್ ನಿಲ್ಲಿಸುತ್ತಿದ್ದರು. ಹಾಲು ಒಲೆಯ ಮೇಲಿಟ್ಟೆ.

"ಮಧುಕರಾ! ಹದಿಮೂರು ದಿನ ಮುಗದಾವಲ್ಲ?"

ಅಂಗಳದಿಂದ ಕೂಗಿದವನು ಏಕನಾಥ. ಋಷಿಕೇಶ ಮತ್ತು ಅವನು ಧಾರವಾಡದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಈಗ ಎರಡು ಗಲ್ಲಿಯಾಚೆ ಅವನ ಝೆರಾಕ್ಸ್ ಅಂಗಡಿ.

"ಮ್ಯಾಲೆ ಬಾ. ಮಂದಿಗೆ ಕೇಳಸಬ್ಯಾಡ," ಮಧುಕರ ಹೇಳಿದ.

"ಮಂದಿಗೆ ಕೇಳಸಲಿಕ್ಕೇ ಬಂದೀನಿ."

ಆದರೂ ಮೇಲೆ ಬಂದ. ಖುರ್ಚಿ ಎಳೆದುಕೊಂಡು ಕೂತ. "ಹದಿಮೂರು ದಿನ ನಾ ಬಾಯಿ ತಗದಿಲ್ಲ. ನಿನ್ನೆ ಪಂಕ್ತ್ಯಾಗ ಕೂತಾಗನೂ ತಗದಿಲ್ಲ. ಎರಡು ಲಾಡು ಬಡಿಸಿದ್ರಿ, ತಿಂದು ಎದ್ದು ಹೋದೆ. ಇವತ್ತ ಕೇಳ್ತೀನಿ. ನನ್ನ ನಂಬರ್ ಯಾವಾಗ ಕೊಡ್ತೀರಿ?"

ಅವನು ಕೇಳಿದ್ದು ಭಿಶಿಯ ನಂಬರು. ಇಪ್ಪತ್ತು ಜನ ಕೂಡಿ ತಿಂಗಳಿಗೆ ಎರಡೆರಡು ಸಾವಿರ ಹಾಕುತ್ತಾರೆ. ಮೊದಲ ರವಿವಾರ, ಭಿಶಿ ನಡೆಸುವ ದಿಗಂಬರಕಾಕಾನ ಕಾಗದದ ಅಂಗಡಿಯ ಮಾಳಿಗೆಯಲ್ಲಿ ಸೇರಿ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ ನಲವತ್ತು ಸಾವಿರ. ಅವರ ನಂಬರ್ ಹತ್ತಿತು ಅನ್ನುತ್ತಾರೆ. ಆಮೇಲೂ ಅವರು ಕಂತು ಕಟ್ಟುತ್ತಲೇ ಇರಬೇಕು. ಇಪ್ಪತ್ತು ತಿಂಗಳಿಗೆ ಎಲ್ಲರ ನಂಬರೂ ಮುಗಿಯುತ್ತದೆ.

ಆ ವರ್ಷದ ಆರಂಭದಲ್ಲಿ, ತೊಂಬತ್ತೆಂಟರ ಜನವರಿಯಲ್ಲಿ, ಮೂರನೆಯ ಚೀಟಿ ಏಕನಾಥನದು ಬಂದಿತ್ತು. ಅದೇ ವಾರ ಮಾಲ್ಡೀವ್ಸಿನಲ್ಲಿ ಮಾಸ್ತರಿಕೆ ಕೊಡಿಸುವ ಏಜೆಂಟ್ ನಮ್ಮಿಂದ ತಲೆಗೆ ನಲವತ್ತು ಸಾವಿರ ಕೇಳಿದ್ದ. ನಮ್ಮ ಹತ್ತಿರ ಒಂದು ತಲೆಯದಿತ್ತು. ಋಷಿಕೇಶ ಏಕನಾಥನ ನಂಬರನ್ನು ಎರವಲು ಕೇಳಿದ. ಈಗ ನಿನ್ನದು ನನಗೆ ಕೊಡು, ಮುಂದೆ ನನ್ನ ಚೀಟಿ ಬಂದ ದಿನ ಅದು ನಿನ್ನದು. ಏಕನಾಥ ದಿಗಂಬರಕಾಕಾನ ಲೆಕ್ಕದ ವಹಿಯಲ್ಲಿ ಸಹಿ ಮಾಡಿ ಹಣ ತೆಗೆದುಕೊಂಡು, ಮೆಟ್ಟಿಲ ಮೇಲೆ ಋಷಿಕೇಶನ ಕೈಗೆ ಕೊಟ್ಟ. ನಂಬರ್ ಅದಲುಬದಲು ಮಾಡಿಕೊಳ್ಳುವುದು ಭಿಶಿಯ ನಿಯಮಕ್ಕೆ ವಿರುದ್ಧ. ಅದಕ್ಕೇ ಕಾಗದ ಮಾಡಿಕೊಳ್ಳಲಿಲ್ಲ.

ವಹಿ ನೋಡಿದರೆ ಏಕನಾಥನ ನಂಬರ್ ಮುಗಿದಿದೆ. ಋಷಿಕೇಶ ಹದಿನಾಲ್ಕು ಕಂತು ಕಟ್ಟಿದ್ದಾನೆ, ಏನೂ ಪಡೆದಿಲ್ಲ. ಸತ್ತ ಸದಸ್ಯ ಕಟ್ಟಿದ್ದನ್ನು ಮನೆಯವರಿಗೆ ಮರಳಿಸಿ ಅವನ ಚೀಟಿ ಹರಿದು ಹಾಕುತ್ತಾರೆ. ಇಪ್ಪತ್ತೆಂಟು ಸಾವಿರ. ಈ ಮಾತನ್ನು ದಿಗಂಬರಕಾಕಾ ಮಧುಕರನಿಗೆ ಸ್ಮಶಾನದಲ್ಲೇ ಹೇಳಿದ್ದರು.

"ವಹಿ ನೋಡು," ಮಧುಕರ ಅಂದ. "ನಿನ್ನ ಸಹಿ ಅದ ಅಲ್ಲೆ."

"ಸಹಿ ನಂದು, ರೊಕ್ಕಾ ನಿನ್ನ ತಮ್ಮಂದು."

"ಕಾಗದ ತೋರಸು."

"ಅವಾ ಸಾಯ್ತಾನಂತ ನನಗೇನ ಗೊತ್ತಿತ್ತು? ಗೊತ್ತಿದ್ರ ಬರಸಕೋತಿದ್ದೆ." ಏಕನಾಥ ನನ್ನ ಕಡೆ ತಿರುಗಿದ. "ವೈನಿ, ನೀವರ ಹೇಳ್ರಿ. ನಿಮಗ ಗೊತ್ತದ."

ಹಾಲು ಉಕ್ಕಲು ಬಂದಿತ್ತು. ಇಳಿಸಿದೆ.

"ನನಗ ಗೊತ್ತಿಲ್ಲ," ಅಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ಅತ್ತೆಯನ್ನು ನೋಡಿ, "ಸೊಸಿ ಛಲೋ ಕಲತಾಳ ನಿಮ್ಮ ಕಡೆ," ಅಂದು ಇಳಿದು ಹೋದ. ಚಹಾ ಕುಡಿಯಲಿಲ್ಲ.

*

ಯಾಕೆ ಹಾಗೆ ಅಂದೆ ಎಂದು ಬರೆಯಬೇಕು.

ನನ್ನ ಪಾಸ್‌ಪೋರ್ಟ್ ಅತ್ತೆಯ ಕಪಾಟಿನಲ್ಲಿತ್ತು. ಋಷಿಕೇಶ ಆಸ್ಪತ್ರೆಯಲ್ಲಿ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದ ನಾಲ್ಕು ದಿನಗಳಲ್ಲಿ ಯಾವಾಗಲೋ ಅವರು ಅದನ್ನು ನನ್ನ ಪೆಟ್ಟಿಗೆಯಿಂದ ತೆಗೆದು ಒಳಗಿಟ್ಟು ಬೀಗ ಹಾಕಿದ್ದರು. ವರ್ಷಾಂತಿಕ ಆಗುವತನಕ ಸೊಸೆ ಮನೆ ಬಿಡಬಾರದು ಎಂಬುದು ಅವರ ಮಾತು. ಮಧುಕರನ ಮಾತು ಬೇರೆ. ಋಷಿಕೇಶ ಹಿಂದೆ ಇಲ್ಲಿ ನಡೆಸಿ ಮುಳುಗಿಸಿದ ಕೋಚಿಂಗ್ ಕ್ಲಾಸಿಗಾಗಿ ಒಂದು ಪತಸಂಸ್ಥೆಯಿಂದ, ಅಂದರೆ ಸಹಕಾರಿ ಸಂಘದಿಂದ, ಸಾಲ ತೆಗೆದಿದ್ದ. ಮಧುಕರ ಜಾಮೀನು. ಇನ್ನೂ ನಲವತ್ತೆರಡು ಸಾವಿರ ಬಾಕಿ. ಕಂತು ತಪ್ಪಿದರೆ ಮಧುಕರನ ಪಗಾರದಿಂದ ಕತ್ತರಿಸುತ್ತಾರೆ.

"ಭಿಶಿ ರೊಕ್ಕಾ ಪತಸಂಸ್ಥೆಗೆ ಹಾಕು, ಪಾಸ್‌ಪೋರ್ಟ್ ತಗೋ, ನಿನ್ನ ಸಮುದ್ರಕ್ಕ ಹೋಗು," ಅಂದಿದ್ದ.

ಮಾಲ್ಡೀವ್ಸಿನಲ್ಲಿ ನಾನು ಕಲಿಸುವ ಶಾಲೆ ಜನವರಿ ಹತ್ತಕ್ಕೆ ತೆರೆಯುತ್ತಿತ್ತು. ತಿರುವನಂತಪುರದಿಂದ ವಿಮಾನ ಏಳಕ್ಕೆ. ಹೋಗದಿದ್ದರೆ ಕರಾರು ಮುರಿಯುತ್ತದೆ, ಕೆಲಸ ಹೋಗುತ್ತದೆ. ಎಂ.ಎ. ಮಾಡಿದ್ದೆ. ಪುಣೆಯಲ್ಲಿ ಅದಕ್ಕೆ ತಿಂಗಳಿಗೆ ಹದಿನೆಂಟುನೂರು ಕೊಡುವ ಶಾಲೆಗಳಿದ್ದವು. ತವರಿನಲ್ಲಿ ಅಣ್ಣನಿದ್ದ. ಹದಿಮೂರನೆಯ ದಿನ ಸೀರೆ ಕೊಟ್ಟು, ಊಟ ಮಾಡಿ, ನಾಲ್ಕರ ಬೆಳಗಾವಿ ಬಸ್ಸು ಹಿಡಿದಿದ್ದ.

ದ್ವೀಪದಲ್ಲಿ ನನಗೆ ಒಂದು ಖೋಲಿ ಇತ್ತು. ಅದಕ್ಕೆ ಹೋಗಬೇಕಾಗಿತ್ತು. ಅಷ್ಟೇ.

ಆ ಖೋಲಿಯಲ್ಲಿ ನಾವು ಸುಖವಾಗಿದ್ದೆವು ಎಂದು ಹೇಳುವುದಿಲ್ಲ. ಇಬ್ಬರ ಸಂಬಳ ಸೇರಿ ಏಳು ಸಾವಿರ ರುಫಿಯಾ, ಅಂದರೆ ಇಪ್ಪತ್ತೈದು ಸಾವಿರ ರೂಪಾಯಿ. ಮೊದಲ ಮೂರು ತಿಂಗಳು ಸಂಬಳವೇ ಬರಲಿಲ್ಲ. ಬಂದ ದಿನದಿಂದ ಋಷಿಕೇಶ ಒಂದು ಪದ್ಧತಿ ಮಾಡಿದ. ಪರೀಕ್ಷೆಯ ಉತ್ತರ ಪತ್ರಿಕೆ ಬಂದ ಹಳೆಯ ಕಂದು ಪಾಕೀಟುಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಡುವುದು. ಪ್ರತಿಯೊಂದರ ಮೇಲೆ ಸಾಲಗಾರನ ಹೆಸರು. ಪತಸಂಸ್ಥೆ, ಪ್ರೆಸ್ಸಿನವ, ಕ್ಲಾಸಿನ ಜಾಗದ ಮಾಲಕ, ಏಕನಾಥ. ಏಕನಾಥನದರಲ್ಲಿ ಭಿಶಿಯ ಕಂತು. ಹಣ ಹಂಚಿ ಉಳಿದದ್ದು ಕೊನೆಯ ಪಾಕೀಟಿಗೆ. ಅದರ ಮೇಲೆ ಹೆಸರಿರಲಿಲ್ಲ. ಅದರಲ್ಲಿ ನಾವು ಉಣ್ಣಬೇಕು.

ಒಂಬೈನೂರು ರುಫಿಯಾ. ಒಂದು ಮೊಟ್ಟೆಗೆ ಎರಡು ರುಫಿಯಾ. ಈರುಳ್ಳಿ ದೋಣಿಯಲ್ಲಿ ಬರಬೇಕು, ದೋಣಿ ಬರದ ವಾರ ಈರುಳ್ಳಿ ಇಲ್ಲ. ಶುಕ್ರವಾರ ರಜೆ, ಅವತ್ತು ತಲಾ ಒಂದು ಮೊಟ್ಟೆ. ಮನೆಯಲ್ಲಿ ಯಾರಿಗೂ ಹೇಳಬಾರದು. ಋಷಿಕೇಶ ಮೊಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದ, ಆ ದ್ವೀಪದಲ್ಲಿ ನೋಡಲು ಒಬ್ಬ ಬ್ರಾಹ್ಮಣನೂ ಇರಲಿಲ್ಲ, ಆದರೂ.

ಮೇ ತಿಂಗಳಲ್ಲಿ ಊರಿಗೆ ಹೊರಟ ಸಿಂಹಳದ ಟೀಚರ್ ಒಬ್ಬಳು ತನ್ನ ಮೇಜು ಫ್ಯಾನನ್ನು ನೂರೈವತ್ತಕ್ಕೆ ಮಾರುತ್ತಿದ್ದಳು. ನನ್ನ ಕುತ್ತಿಗೆಯ ತುಂಬ ಬೆವರುಸಾಲೆ.

"ಏಕನಾಥನ ಪಾಕೀಟಿನಿಂದ ತಗೋಳೋಣು," ಅಂದೆ. "ಅವಾ ಏನು ನೋಡ್ಲಿಕ್ಕೆ ಬರ್ತಾನ? ಮುಂದಿನ ತಿಂಗಳ ಹಾಕಿದ್ರಾತು."

"ಅದನ್ನ ಮುಟ್ಟಬ್ಯಾಡ."

"ನಾ ಸಾಯ್ಲಿಕತ್ತೀನಿ ಸೆಕಿಗೆ."

"ನನ್ನ ರೊಕ್ಕಾ ನನ್ನ ಹತ್ರ ಇತ್ತು, ಸುರಭಿ. ನಾ ಒಬ್ಬನೇ ಬರಬಹುದಿತ್ತು. ನೀ ಇಲ್ಲೆ ಕೂತದ್ದು ಏಕನಾಥನ ರೊಕ್ಕದ ಮ್ಯಾಲೆ."

ಅದು ನಿಜವಾಗಿತ್ತು. ಅತ್ತೆಯ ಜೊತೆ ಒಬ್ಬಳೇ ಇರುವುದಿಲ್ಲ, ಹೋದರೆ ಇಬ್ಬರೂ ಎಂದು ಹಟ ಮಾಡಿದವಳು ನಾನು. ಆದರೆ ನಿಜವೆಂದು ನಾನು ಅದನ್ನು ಕ್ಷಮಿಸಲಿಲ್ಲ. ನಾಲ್ಕು ದಿನ ಮಾತಾಡಲಿಲ್ಲ. ಅರ್ಧ ಗಂಟೆಯಲ್ಲಿ ಸುತ್ತು ಹಾಕಬಹುದಾದ ದ್ವೀಪ ಅದು. ಐದನೆಯ ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಸರ್ ಯಾಕೆ ಒಬ್ಬರೇ ನಡೆಯುತ್ತಾರೆ?" ಎಂದು ಕೇಳಿದಳು. ಫ್ಯಾನನ್ನು ಬೇರೆ ಯಾರೋ ಕೊಂಡರು.

ಡಿಸೆಂಬರಿನಲ್ಲಿ ರಜೆಗೆ ಬಂದೆವು. ತಂದ ಹಣದಲ್ಲಿ ಮೊದಲ ವಾರವೇ ಪ್ರೆಸ್ಸಿನವನದೂ ಮಾಲಕನದೂ ತೀರಿಸಿದ. ಎರಡು ಪಾಕೀಟು ಹರಿದು ಎಸೆದು, ಅವತ್ತು ನನ್ನನ್ನು ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದ. ಒಂಬತ್ತನೆಯ ತಾರೀಖು ಜ್ವರ. ಹದಿಮೂರಕ್ಕೆ ಮುಗಿಯಿತು. ಮೂವತ್ತನಾಲ್ಕು ವಯಸ್ಸು. ಉಳಿದ ಹಣ ಆಸ್ಪತ್ರೆಗೆ ಹೋಯಿತು.

*

ಆ ವಾರ ಎರಡು ಕೆಲಸಗಳಿದ್ದವು.

ಸ್ಟೇಷನ್ನಿಗೆ ಹೋಗಿ ನಾಲ್ಕನೆಯ ತಾರೀಖಿನ ರೈಲಿನಲ್ಲಿ ಒಂದು ಬರ್ತ್ ರದ್ದು ಮಾಡಿಸಿದೆ. ಖಿಡಕಿಯಲ್ಲಿದ್ದವ ಮರಾಠಿಯಲ್ಲಿ, "ಇಬ್ಬರಲ್ಲಿ ಯಾರು ಹೋಗುವುದಿಲ್ಲ?" ಎಂದ. ಹೆಸರು ಹೇಳಿದೆ. "ಆಮೇಲೆ ಮತ್ತೆ ಬೇಕು ಅಂದರೆ ಸಿಗುವುದಿಲ್ಲ ಹಾಂ," ಎಂದ. ಬೇಕಾಗುವುದಿಲ್ಲ ಎಂದೆ.

ಮರಣದ ದಾಖಲೆಯ ಹತ್ತು ಪ್ರತಿ ಬೇಕಾಗಿದ್ದವು. ಬೇರೆ ಅಂಗಡಿ ಹುಡುಕಿಕೊಂಡು ಹೋಗುವುದು ಹೇಡಿತನ ಅನ್ನಿಸಿ ಏಕನಾಥನ ಅಂಗಡಿಗೇ ಹೋದೆ.

"ಬರ್ರಿ, ಗೊತ್ತಿಲ್ಲದವರ," ಅಂದ. "ಎಷ್ಟು?"

"ಹತ್ತು."

ಕಾಗದವನ್ನು ಗಾಜಿನ ಮೇಲೆ ಮಗುಚಿಟ್ಟ. ಮಷೀನಿನ ಬೆಳಕು ಹೋಗಿ ಬಂತು. ಮೊದಲ ಪ್ರತಿ ಮಸುಕಾಗಿತ್ತು. ಹರಿದ. ಹೆಸರು ಸ್ಪಷ್ಟ ಕಾಣುವ ಹಾಗೆ ಮತ್ತೆ ಇಟ್ಟ.

"ಈ ಅಂಗಡಿ ಮಾಲಕ ಫೆಬ್ರವರಿಗೆ ಮೂವತ್ತೈದು ಸಾವಿರ ಡಿಪಾಜಿಟ್ ಕೇಳ್ಯಾನ. ಇಲ್ಲಾಂದ್ರ ಖಾಲಿ ಮಾಡು ಅಂತಾನ. ಗೆಳೆಯಾ ಪರದೇಶದಾಗಿದ್ದಾನ, ಅವನ ಚೀಟಿ ಇವತ್ತಿಲ್ಲಾ ನಾಳೆ ಬರ್ತದ ಅಂತ ವರ್ಷದಿಂದ ಅವನ ಬಾಯಿ ಮುಚ್ಚೀನಿ. ಈಗೇನು ಹೇಳಲಿ? ಗೆಳೆಯಾ ಇನ್ನೂ ದೂರದ ದೇಶಕ್ಕ ಹೋದ ಅಂತ ಹೇಳಲೇನು?"

"ಹೇಳ್ರಿ."

"ನಿಮಗ ನಾಚಿಕಿ ಅನ್ನೂದದನೋ ಇಲ್ಲೋ?"

"ಹದಿನಾಲ್ಕನೇ ದಿನ ಮುಂಜಾನೆ ಎಂಟಕ್ಕ ಬಂದು ಅಂಗಳದಾಗ ಒದರಿದವರು ನೀವು."

"ಒದರಿದೆ. ಖರೇ ಇದ್ದದ್ದನ್ನ ಒದರಿದೆ. ಏಳೂವರಿ ರೂಪಾಯಿ."

ಹತ್ತರ ನೋಟು ಕೊಟ್ಟೆ. ಎರಡೂವರೆ ಎಣಿಸಿ ಗಾಜಿನ ಮೇಲಿಟ್ಟ, ಕೈಗೆ ಕೊಡಲಿಲ್ಲ.

ಅವನ ಮೇಲೆ ನನಗೆ ಕನಿಕರ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ.

*

ಶನಿವಾರ ಮಧ್ಯಾಹ್ನ ಮಧುಕರ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟ. ಭಿಶಿಗೆ ಅರ್ಜಿ ಬೇಕಂತೆ, ಹೆಂಡತಿಯ ಕೈಬರಹದಲ್ಲಿ. ಸಹಿ ಮಾತ್ರ ನಾಳೆ ಎಲ್ಲರ ಎದುರಿಗೆ.

"ಬರಿ. ನನ್ನ ಗಂಡ ಕೈಲಾಸವಾಸಿ ಋಷಿಕೇಶ ಕೃಷ್ಣಾಜಿ ಇವರು ಇಲ್ಲಿಯತನಕ ಭಿಶಿಯ ನಂಬರ್ ಪಡೆದಿಲ್ಲ, ಯಾರ ನಂಬರನ್ನೂ ಉಪಯೋಗಿಸಿಲ್ಲ. ಮರಾಠಿಯೊಳಗ ಬರಿ."

'ಕೃಷ್ಣಾಜಿ'ವರೆಗೆ ಬರೆದು ಪೆನ್ನು ನಿಂತಿತು.

"ಏನಾತು? ಎಂ.ಎ. ಕಲತಾಕಿಗೆ ನಾಕು ಸಾಲು ಬರಿಲಿಕ್ಕೂ ಮುಹೂರ್ತ ಬೇಕೇನು?"

ಅತ್ತೆ ಅಕ್ಕಿ ಆರಿಸುತ್ತಿದ್ದರು. "ಅವನ್ನ ಕರಕೊಂಡು ಹೋಗಲಿಕ್ಕೆ ಮುಹೂರ್ತ ಬೇಕಾಗಿರಲಿಲ್ಲ ಆಕಿಗೆ," ಅಂದರು. "ಗಂಡಸು ಒಬ್ಬನೇ ಹೋಗಿದ್ರ ವರ್ಷದಾಗ ಸಾಲಾ ತೀರಿಸಿ ಬರ್ತಿದ್ದ. ಇಬ್ಬರ ಹೊಟ್ಟಿ ಹೊತಗೊಂಡು ಹೋದ. ಹೆಂಗ ಸೊರಗಿ ಬಂದಿದ್ದ ನೋಡಿದ್ಯೇನು? ಅಲ್ಲೆ ಏನು ತಿನ್ನಸತಿದ್ದಿ ಅವಂಗ?"

"ಮೊಟ್ಟಿ," ಅಂದೆ. "ವಾರಕ್ಕೊಂದು."

ಅಕ್ಕಿಯ ಮೊರ ನಿಂತಿತು. ಅವರು ನನ್ನನ್ನು ನೋಡಿ, ಎದ್ದು ಒಳಗೆ ಹೋದರು. ಸತ್ತ ಮಗನ ಬಗ್ಗೆ ತಾಯಿಗೆ ಅದನ್ನು ಹೇಳಬಾರದಿತ್ತು. ಹೇಳಿದೆ.

ಮಧುಕರ ಹೇಳಿದ ನಾಲ್ಕೂ ಸಾಲು ಬರೆದುಕೊಟ್ಟೆ. ಅವನು ಓದಿ, ಮಡಿಚಿ, ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಅದರೊಳಗೆ ಇಟ್ಟುಕೊಂಡ. "ನಾಳೆ ರೊಕ್ಕಾ ಈ ಕೈಯಾಗ, ಇದು ಆ ಕೈಯಾಗ," ಅಂದ.

'ಗೊತ್ತಿಲ್ಲ' ಅಂದದ್ದು ಬಾಯಿ. ಒಲೆಯ ಮುಂದೆ ಹೇಳಿದ ಮಾತು ಅಲ್ಲೇ ಹೋಯಿತು. ಇದು ನನ್ನ ಅಕ್ಷರ. ಗುಂಡಗೆ, ಅಂತರ ಬಿಟ್ಟು, ಹಲಗೆಯ ಮೇಲೆ ಮಕ್ಕಳಿಗೆ ಬರೆದು ತೋರಿಸುವಂಥ ಅಕ್ಷರ. ಅಷ್ಟು ಚೆನ್ನಾಗಿ ಬರೆದಿದ್ದೆ ಎಂಬುದೇ ಆ ಸಂಜೆಯಿಡೀ ನನ್ನನ್ನು ಕಾಡಿತು.

*

ರವಿವಾರ ಹತ್ತು ಗಂಟೆಗೆ ದಿಗಂಬರಕಾಕಾನ ಮಾಳಿಗೆಗೆ ಹೋದೆವು. ಹದಿನೆಂಟು ಜನ ಕಾಗದದ ಗಂಟುಗಳ ಮೇಲೆ ಕೂತಿದ್ದರು. ನಾನು ಒಳಗೆ ಬಂದಾಗ ಒಬ್ಬ ಹೆಂಗಸು ಪಕ್ಕದವಳಿಗೆ ಮರಾಠಿಯಲ್ಲಿ, "ಇಷ್ಟು ಬೇಗ ಹೊರಗೆ ಬಂದಳಾ?" ಅಂದಳು. ಸಣ್ಣ ದನಿಯಲ್ಲೇನೂ ಅಲ್ಲ. ಏಕನಾಥ ಬಾಗಿಲ ಹತ್ತಿರ ನಿಂತಿದ್ದ, ಕೂತಿರಲಿಲ್ಲ.

ದಿಗಂಬರಕಾಕಾ ಬಿಜಾಪುರದ ಕಡೆಯವರು, ಐವತ್ತು ವರ್ಷ ಪುಣೆಯಲ್ಲಿದ್ದು ಎರಡೂ ಭಾಷೆಯನ್ನು ಒಂದರಂತೆ ಆಡುತ್ತಿದ್ದರು. ಕನ್ನಡಕ ಏರಿಸಿ ನನ್ನ ಅರ್ಜಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ಅದನ್ನು ವಹಿಯ ಮೇಲಿಟ್ಟು ನನ್ನ ಕಡೆ ಸರಿಸಿದರು.

"ಸಹಿ ಮಾಡವಾ. ಇಪ್ಪತ್ತೆಂಟು ಸಾವಿರ ತಯಾರ ಅದ."

ಪೆನ್ನು ತೆಗೆದುಕೊಂಡೆ.

"ಇದು ಸುಳ್ಳದ," ಅಂದೆ. "ನಾನೇ ಬರದದ್ದು, ಖರೆ. ಆದ್ರ ಸುಳ್ಳು. ಹೋದ ಜನವರಿದಾಗ ಏಕನಾಥನ ನಂಬರ್ ತಗೊಂಡವರು ನನ್ನ ಯಜಮಾನರು. ಆ ರೊಕ್ಕಾ ಏಜೆಂಟಗ ಕೊಟ್ಟು ನಾ ಪರದೇಶಕ್ಕ ಹೋದೆ. ಡಬ್ಬ್ಯಾಗಿರೋ ಚೀಟಿ ಏಕನಾಥಂದು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅದಲುಬದಲು ಮಾಡಿದವರಿಬ್ಬರನ್ನೂ ತೆಗೆದು ಹಾಕಿ ಎಂದ ಒಬ್ಬ. ಸತ್ತವನನ್ನು ಎಲ್ಲಿಂದ ತೆಗೆಯುತ್ತಿ ಎಂದ ಇನ್ನೊಬ್ಬ. ಯಾರೋ ನಕ್ಕರು. ದಿಗಂಬರಕಾಕಾ ವಹಿಯ ಮೇಲೆ ಅಂಗೈ ಬಡಿದರು.

"ಹುಚ್ಚಿ ಇದ್ದೀಯೇನು? ಚೀಟಿ ಉಳೀಬೇಕಂದ್ರ ಕಂತು ಉಳೀತಾವ. ಇವತ್ತಿಂದ ಹಿಡದು ಆರು. ಹನ್ನೆರಡು ಸಾವಿರ. ಯಾರು ಕಟ್ಟಾವ್ರು?"

"ನಾ."

"ಎಲ್ಲಿಂದ?"

"ಪಗಾರದಿಂದ."

"ಯಾವ ಪಗಾರ?" ಮಧುಕರ ಎದ್ದಿದ್ದ. ಕಿಸೆಯಿಂದ ಪಾಸ್‌ಪೋರ್ಟ್ ತೆಗೆದು ಎಲ್ಲರಿಗೂ ತೋರಿಸಿದ. "ಇದು ನನ್ನ ಹತ್ರ ಅದ. ಹೋಗು ನೋಡೋಣು ಈಜಕೋತ!"

"ಇಟ್ಕೋರಿ," ಅಂದೆ. ನನ್ನ ದನಿ ಕ್ಲಾಸಿನ ದನಿಯಾಗಿತ್ತು, ಅದು ನನಗೇ ಕೇಳಿಸಿತು. "ಪತಸಂಸ್ಥೆದಾಗ ನಲವತ್ತೆರಡು ಸಾವಿರ ಅದ. ಜಾಮೀನು ನೀವು. ನಾ ಅಲ್ಲೆ ಹೋದ್ರ ತಿಂಗಳಿಗೆ ಹನ್ನೆರಡು ಸಾವಿರ ಬರ್ತದ. ನಾಲ್ಕು ಇಟ್ಕೊಂಡು ಎಂಟು ಕಳಸ್ತೀನಿ. ಇದರ ಕಂತು ಎರಡು, ನಿಮ್ಮದು ಆರು. ಆಗಸ್ಟಿಗೆ ನಿಮ್ಮ ಹೆಸರು ಬಿಡತದ. ನಾ ಇಲ್ಲೆ ಕೂತ್ರ ಮುಂದಿನ ತಿಂಗಳಿಂದ ನಿಮ್ಮ ಪಗಾರ ಕತ್ತರಸ್ತಾರ, ಮ್ಯಾಲೆ ನನಗ ಎರಡು ಹೊತ್ತು ಊಟಾ ಹಾಕಬೇಕು. ನಾ ಭಾಳ ಉಣ್ತೀನಿ. ಅತ್ತಿಯವರನ್ನ ಕೇಳ್ರಿ."

ಈ ಸಲ ಹೆಚ್ಚು ಜನ ನಕ್ಕರು.

ಮಧುಕರನ ಮುಖ ಕಪ್ಪಾಯಿತು. ಅವನು ಗುಮಾಸ್ತ. ಲೆಕ್ಕ ಅವನಿಗೆ ಬೇಗ ತಿಳಿಯುತ್ತದೆ. ಪಾಸ್‌ಪೋರ್ಟನ್ನು ನನ್ನ ಮೇಲೆ ಎಸೆದ. ಭುಜಕ್ಕೆ ತಾಗಿ ಕೆಳಗೆ ಬಿತ್ತು.

"ಹೋಗು. ಆಗಸ್ಟಿನತನಕ ರೊಕ್ಕಾ ಕಳಸು. ಆಮ್ಯಾಲೆ ನಮ್ಮ ಹೊಸ್ತಿಲಾ ತುಳದಿ ಅಂದ್ರ ನೋಡು."

"ಆತು," ಅಂದೆ.

ಅವನು ಮೆಟ್ಟಿಲು ಇಳಿದು ಹೋದದ್ದು ಕೇಳಿಸಿತು. ಪಾಸ್‌ಪೋರ್ಟ್ ಎತ್ತಿ ಬ್ಯಾಗಿನಲ್ಲಿಟ್ಟು, ಉಳಿದಿದ್ದ ಹಣ ತೆಗೆದೆ. ಬರ್ತಿನ ದುಡ್ಡೂ ಸೇರಿ ಎರಡು ಸಾವಿರದ ಆರುನೂರು ಇತ್ತು. ಎರಡು ಸಾವಿರ ಎಣಿಸಿ ವಹಿಯ ಮೇಲಿಟ್ಟೆ. ದಿಗಂಬರಕಾಕಾ ಮತ್ತೊಮ್ಮೆ ಎಣಿಸಿದರು. ಜನರನ್ನು ನೋಡಿದರು. ಯಾರೂ ಬೇಡ ಅನ್ನಲಿಲ್ಲ. ಇಪ್ಪತ್ತೆಂಟು ಸಾವಿರ ಹೊರಗೆ ಹೋಗುವುದು ತಪ್ಪಿತ್ತು, ಯಾಕೆ ಅಂದಾರು?

"ಚೀಟಿ ಬದಲ ಮಾಡೂದು ಇದೇ ಮೊದಲನೇದ್ದು, ಇದೇ ಕಡೀದು," ಎಂದು ಡಬ್ಬಿ ನನ್ನ ಮುಂದೆ ಮಗುಚಿದರು.

ಆರು ಚೀಟಿಗಳು. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆದು ಹಾಕಿದವು. ಮೂರನೆಯದನ್ನು ಬಿಡಿಸಿದಾಗ ಋಷಿಕೇಶನ ಅಕ್ಷರ ಕಂಡಿತು. ಅವನ ಅಕ್ಷರ ಯಾವಾಗಲೂ ಕೆಟ್ಟದ್ದು. ಹಲಗೆಯ ಮೇಲೆ ಬರೆದರೆ ಮಕ್ಕಳು ನನ್ನ ಹತ್ತಿರ ಬಂದು ಸರ್ ಏನು ಬರೆದಿದ್ದಾರೆ ಎಂದು ಕೇಳುತ್ತಿದ್ದರು.

ಅದನ್ನು ಹೊಡೆದು ಹಾಕಲಿಲ್ಲ. ಮಗುಚಿ ಹಿಂಬದಿಯಲ್ಲಿ ಏಕನಾಥನ ಹೆಸರು ಬರೆದೆ. ಕೆಳಗೆ ನನ್ನ ಸಹಿ ಹಾಕಿ, ಎದ್ದು ಬಾಗಿಲ ಹತ್ತಿರ ಹೋಗಿ ಅವನ ಕೈಗೆ ಕೊಟ್ಟೆ.

ಅವನು ಎರಡೂ ಬದಿ ಓದಿದ. ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ.

"ಹೆಸರು ಬರೋಬ್ಬರಿ ಅದ," ಅಂದ. "ಅವತ್ತಽ ಹೇಳಿದ್ರ ನಿಮ್ಮ ಗಂಟೇನು ಹೋಗತಿತ್ರಿ?"

"ಹಾಕ್ರಿ ಡಬ್ಬ್ಯಾಗ," ಅಂದೆ.